ಬ್ರೇಕಕ್ಕ ಕುದುರೆ ಹತ್ತಿದ್ದು

ನಮ್ಮ ಬೀದಿಯ ಕೊನೆಯಲ್ಲಿ ಕಾರು ಕಲಿಸುವ ಶಾಲೆಯೊಂದಿದೆ. ಮುಂದೆ ಒಂದು ಕೋಣೆ, ಹಿಂದೆ ಮಣ್ಣಿನ ಅಂಗಳ. ಅಂಗಳದಲ್ಲಿ ಸುಣ್ಣದ ಪುಡಿಯಿಂದ ಎಳೆದ ಗೆರೆಗಳು. ಶಾಲೆಯ ಒಡತಿಯನ್ನು ಊರೆಲ್ಲ ಬ್ರೇಕಕ್ಕ ಎಂದೇ ಕರೆಯುತ್ತದೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಆಕೆಯ ಬಲಗಾಲು ಹರೆಯದಿಂದಲೂ ಅದರ ಮೇಲೆಯೇ ಪಳಗಿದ್ದು. ಬಸ್ಸಿನಲ್ಲಿ ಕೂತರೂ ಆ ಕಾಲು ಒತ್ತುತ್ತದೆ. ಟೀವಿಯಲ್ಲಿ ಯಾರಾದರೂ ಓಡಿಬಂದು ಬಾಗಿಲಿಗೆ ಡಿಕ್ಕಿ ಹೊಡೆಯುವಂತಿದ್ದರೂ ಒತ್ತುತ್ತದೆ. “ನಮ್ಮನೆ ಚಾಪೆ ನೋಡಿ ಮೇಷ್ಟ್ರೇ, ಒಂದೇ ಕಡೆ ತೂತು ಬಿದ್ದಿದೆ” ಎಂದು ಆಕೆಯ ಗಂಡ ನನ್ನಲ್ಲಿ ದೂರು ಹೇಳಿದ್ದುಂಟು.

ಆಕೆ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ನಿವೃತ್ತನಾದ ಮೇಲೆ ನಾನು ಕಾರು ಕಲಿಯಲು ಹೋಗಿ ಆಕೆಯ ವಿದ್ಯಾರ್ಥಿಯಾದೆ. ಈ ಕಥೆಯನ್ನು ಆಗ ಕೇಳಿದೆ. ಸಿಗ್ನಲ್ ಕೆಂಪಾದಾಗಲೆಲ್ಲ ಒಂದಿಷ್ಟು ಹೇಳುತ್ತಿದ್ದಳು. ಹಸಿರಾದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಹಾಗಾಗಿ ಪೂರ್ತಿ ಕೇಳುವಷ್ಟರಲ್ಲಿ ನನಗೆ ಲೈಸೆನ್ಸೇ ಬಂದಿತ್ತು.

ಬ್ರೇಕಕ್ಕನಿಗೆ ಒಬ್ಬಳೇ ಅಕ್ಕ. ದನದ ಡಾಕ್ಟರೊಬ್ಬರನ್ನು ಮದುವೆಯಾಗಿ ಪರದೇಶಕ್ಕೆ ಹೋದವಳು. ಆ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಕುರಿ ಸಾಕುವ ಕುಟುಂಬಗಳು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿಬಿಡುತ್ತವೆ. ಅವರ ಮಕ್ಕಳಿಗಾಗಿ ಅಲ್ಲೊಂದು ಒಂಟಿ ಕೋಣೆಯ ಶಾಲೆ. ಅದಕ್ಕೆ ಈ ಅಕ್ಕನೊಬ್ಬಳೇ ಟೀಚರು. ಚಳಿ ಹಿಡಿದು ಶಾಲೆ ಮುಚ್ಚುವ ತನಕ ಆಕೆ ಇಳಿದು ಬರುವಂತಿಲ್ಲ. ಇತ್ತ ಬ್ರೇಕಕ್ಕನಿಗೆ ಬಿಡುವು ಸಿಗುವುದೂ ಅದೇ ತಿಂಗಳುಗಳಲ್ಲಿ, ಇಲ್ಲಿ ಮಳೆಗೆ ಅಂಗಳ ಕೆಸರಾದಾಗ ಮಾತ್ರ. ಹೀಗಾಗಿ ಇಬ್ಬರೂ ಎದುರುಬದುರಾಗಿ ಬಹಳ ವರ್ಷಗಳಾಗಿದ್ದವು.

“ಈ ಸಲ ಬರ್ತಾ ಇದೀನಿ ಅಕ್ಕ. ಟಿಕೆಟ್ ಆಯ್ತು” ಎಂದು ಫೋನಿನಲ್ಲಿ ಹೇಳಿದಳು.

“ಕೆಳಗಿನ ಊರಿಗೆ ಬರ್ತೀಯ. ನನ್ನ ಹತ್ರ ಎಲ್ಲಿ ಬರ್ತೀಯ? ಇಲ್ಲಿಗೆ ಕುದುರೆ ಮೇಲೇ ಬರ್ಬೇಕು. ಬ್ರೇಕಿಲ್ಲದ ಗಾಡಿ ಹತ್ತೋ ಹೆಂಗಸಾ ನೀನು?”

“ಹತ್ತಿ ತೋರಿಸ್ತೀನಿ.”

“ತೋರಿಸ್ದೆ ಬಿಡು! ನಾನು ಸೈಕಲ್ ತುಳೀತಿದ್ರೆ ಹಿಂದೆ ಕ್ಯಾರಿಯರ್ ಮೇಲೆ ಕೂತು ಕಣ್ಣು ಮುಚ್ಕೊಳ್ತಿದ್ದವಳು ನೀನು.”

ಇದು ನಿಜ. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಬರುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅಕ್ಕ ಮುಂದೆ, ತಂಗಿ ಹಿಂದೆ. ತಂಗಿಯ ಎರಡು ಕೈಯೂ ಅಕ್ಕನ ಸೊಂಟದ ಸುತ್ತ.

ವಿಮಾನ ಇಳಿದಾಗ ಅಕ್ಕನ ಮಗಳು ಕಾದಿದ್ದಳು. ಕೆಳಗಿನ ಊರಿನ ಆಸ್ಪತ್ರೆಯಲ್ಲಿ ನರ್ಸು. ಮೂವತ್ತು ದಾಟಿದವಳು, ಚುರುಕು ನಾಲಿಗೆಯವಳು. ಚಿಕ್ಕಮ್ಮನನ್ನು ನೆಟ್ಟಗೆ ಕುದುರೆ ಲಾಯಕ್ಕೆ ಕರೆದೊಯ್ದಳು. ಉದ್ದನೆಯ ಹೆಂಚಿನ ಕೊಟ್ಟಿಗೆ, ಗೋಡೆಯ ಗೂಟಗಳಲ್ಲಿ ತೊಗಲಿನ ಪಟ್ಟಿಗಳು, ಒಣಹುಲ್ಲಿನ ವಾಸನೆ. ಲಾಯದ ಯಜಮಾನಿ ಕುಳ್ಳಗಿನ ಮುದುಕಿ; ಸೊಂಟದ ಮೇಲೆ ಕೈಯಿಟ್ಟು ಬ್ರೇಕಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಹೇಳಿದಳು.

“ಏನಂತೆ?”

“ಹೆದರೋರ ಮುಖ ಅಲ್ಲವಂತೆ. ಆದ್ರೆ ಮುಖ ನೋಡಿ ಕುದುರೆ ಕೊಡೋದಿಲ್ಲವಂತೆ” ಎಂದಳು ಮಗಳು.

ಬೆಟ್ಟದ ಹಾದಿ ಒಂದೆಡೆ ಬಹಳ ಕಿರಿದು; ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕೊರಕಲು. ಅಲ್ಲಿ ಒಂದು ಕುದುರೆಯನ್ನು ಇನ್ನೊಂದಕ್ಕೆ ಕಟ್ಟಿ ನಡೆಸುವಂತಿಲ್ಲ. ಒಂದು ಜಾರಿದರೆ ಎರಡೂ ಹೋದಂತೆ. ಯಾರ ಲಗಾಮು ಅವರ ಕೈಯಲ್ಲೇ ಇರಬೇಕೆಂಬುದು ಲಾಯದ ಕಟ್ಟಳೆ. ಅದಕ್ಕೊಂದು ಪರೀಕ್ಷೆಯೂ ಇತ್ತು. ಯಜಮಾನಿ ಲಾಯದ ಮರಳಿನ ಅಂಗಳದಲ್ಲಿ ಬೂದಿಯಿಂದ ಗೆರೆ ಎಳೆಯುತ್ತಾಳೆ. ನಡೆದು ಬರುವ ಕುದುರೆಯನ್ನು ಸವಾರ ಆ ಗೆರೆ ದಾಟದಂತೆ ನಿಲ್ಲಿಸಬೇಕು. ನಿಲ್ಲಿಸಿದವರಿಗೆ ಬೆಟ್ಟ, ಇಲ್ಲದವರಿಗೆ ಮನೆ.

ಬ್ರೇಕಕ್ಕ ನಕ್ಕುಬಿಟ್ಟಳು. “ಗೆರೆ ಮುಂದೆ ನಿಲ್ಲಿಸೋದಾ? ನಮ್ಮಪ್ಪನಾಣೆ, ನಾನು ಅನ್ನ ತಿನ್ನೋದೇ ಅದರಿಂದ.”

ಬೂದುಬಣ್ಣದ ಹೆಣ್ಣು ಕುದುರೆಯೊಂದನ್ನು ತಂದರು. ಆಕೆ ಏಣಿಯಿಟ್ಟು ಹತ್ತಿದಳು. ಜೀನಿನ ಎರಡೂ ಪಕ್ಕ ಕಾಲಿಡಲು ಕಬ್ಬಿಣದ ರಿಕಾಪುಗಳು ತೂಗುತ್ತಿದ್ದವು. ಅವುಗಳಲ್ಲಿ ಪಾದ ತೂರಿಸಿ ನೆಟ್ಟಗೆ ಕೂತದ್ದು ನೋಡಿ ಯಜಮಾನಿಯೂ ತಲೆದೂಗಿದಳು. ಕುದುರೆ ನಡೆಯಿತು. ಗೆರೆ ಹತ್ತಿರ ಬಂತು. ಕುದುರೆ ನಿಲ್ಲಲಿಲ್ಲ, ನಿಲ್ಲದಿದ್ದುದಷ್ಟೇ ಅಲ್ಲ, ಗೆರೆಯ ಬಳಿ ಬಂದೊಡನೆ ಓಡತೊಡಗಿತು. ಬೇಲಿಯವರೆಗೂ ಹೋಗಿ ತಾನಾಗಿ ನಿಂತಿತು. ಮತ್ತೊಮ್ಮೆ ಹಾಗೆಯೇ. ಮಾರನೆಯ ದಿನವೂ ಹಾಗೆಯೇ. ಕುದುರೆ ಬದಲಾಯಿಸಿದರು, ಆ ಕುದುರೆಯೂ ಹಾಗೆಯೇ.

“ಲಗಾಮು ಹಿಡಿಯೋದು ಸರಿಯಾಗೇ ಇದೆಯಂತೆ. ಆದ್ರೂ ಯಾಕೆ ಓಡುತ್ತೋ ಅವರಿಗೂ ತಿಳೀತಿಲ್ಲ” ಎಂದಳು ಮಗಳು. “ಹೋಗ್ಲಿ ಬಿಡಿ ಚಿಕ್ಕಮ್ಮ. ಅಮ್ಮನ ಜೊತೆ ಫೋನಲ್ಲೇ ಮಾತಾಡಿ.”

“ಫೋನಲ್ಲಿ ಮಾತಾಡೋಕೆ ನಾನು ನಮ್ಮನೆ ಚಾಪೆ ಮೇಲೇ ಕೂತಿರಬಹುದಿತ್ತಲ್ಲ!”

ಗುಟ್ಟು ಹೊರಬಿದ್ದದ್ದು ಅಡುಗೆಮನೆಯಲ್ಲಿ. ಮಗಳು ಹಾಲಿನ ಪಾತ್ರೆ ಎತ್ತುವಾಗ ಅದು ಕೈಯಿಂದ ಜಾರುವಂತಾಯಿತು. ಬ್ರೇಕಕ್ಕ ಕೂತಿದ್ದ ಮೇಜಿನ ಕೆಳಗೆ ದಢ್ಢೆಂದು ಸದ್ದಾಯಿತು. ಮಗಳು ಬಗ್ಗಿ ನೋಡಿದಳು.

“ಚಿಕ್ಕಮ್ಮ, ಈಗ ಏನು ಮಾಡಿದ್ರಿ?”

“ನಾನೇನು ಮಾಡಿದೆ?”

“ಹಾಲಿಗೆ ಬ್ರೇಕ್ ಹಾಕಿದ್ರಿ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಗೆರೆ ಕಂಡ ತಕ್ಷಣ ಬ್ರೇಕಕ್ಕನ ಬಲಗಾಲು ರಿಕಾಪನ್ನು ಬಲವಾಗಿ ಒತ್ತುತ್ತಿತ್ತು. ಒತ್ತಿದಾಗ ಹಿಮ್ಮಡಿ ಕುದುರೆಯ ಪಕ್ಕೆಗೆ ತಾಗುತ್ತಿತ್ತು. ಪಕ್ಕೆಗೆ ಹಿಮ್ಮಡಿ ತಾಗಿದರೆ ಕುದುರೆಯ ಭಾಷೆಯಲ್ಲಿ ‘ಓಡು’ ಎಂದರ್ಥ. ಕೈ ನಿಲ್ಲೆಂದರೆ ಕಾಲು ಓಡೆನ್ನುತ್ತಿತ್ತು. ಪಾಪ, ಆ ಕುದುರೆ ಹೆಚ್ಚು ಜೋರಾಗಿ ಹೇಳಿದವರ ಮಾತು ಕೇಳುತ್ತಿತ್ತು.

ಸಂಗತಿ ತಿಳಿದ ಯಜಮಾನಿ, “ಕಾಲು ಒತ್ತಬೇಡ ಅಂತ ಹೇಳು” ಎಂದಳು.

“ಇವರಿಗೆ ಹೇಳು” ಎಂದಳು ಬ್ರೇಕಕ್ಕ, ಈಗ ಪೂರ್ತಿ ಮೇಡಂ ದನಿಯಲ್ಲಿ. “ಬ್ರೇಕ್ ಅಂದ್ರೆ ಆಕ್ಸಿಲರೇಟರ್ ಒತ್ತೋ ಒಬ್ಬ ಕ್ಯಾಷಿಯರ್ ನನ್ನ ಹತ್ರ ಕಲಿಯೋಕೆ ಬಂದಿದ್ರು. ಬೇಡ ಬೇಡ ಅಂದಷ್ಟೂ ಒತ್ತುತ್ತಿದ್ರು. ಕೊನೆಗೆ ಬೂಟು ಬಿಚ್ಚಿಸಿ ಬರಿಗಾಲಲ್ಲಿ ಕೂರಿಸಿದೆ. ಕಾಲಿಗೆ ಪಾಠ ಹೇಳಿ ಪ್ರಯೋಜನ ಇಲ್ಲ, ಕಾಲಿನ ಕೆಳಗಿರೋದನ್ನ ಬದಲಾಯಿಸ್ಬೇಕು. ಈ ಕಬ್ಬಿಣ ಎರಡನ್ನೂ ಬಿಚ್ಚಿಹಾಕೋಕೆ ಹೇಳು.”

ಯಜಮಾನಿ ಕೈ ಅಲ್ಲಾಡಿಸಿದಳು. ಹೊಸಬರು ರಿಕಾಪನ್ನೇ ನಂಬಿ ಕೂರುವವರು. ಅದಿಲ್ಲದಿದ್ದರೆ ಮೂಟೆಯ ಹಾಗೆ ಉರುಳುತ್ತಾರಂತೆ. “ಉರುಳಿದ್ರೆ ಮರಳಿನ ಮೇಲೆ ತಾನೆ? ಎದ್ದು ಕೊಡವಿಕೊಳ್ತೀನಿ” ಎಂದಳು ಬ್ರೇಕಕ್ಕ. ಹಟ ನೋಡಿ ಯಜಮಾನಿ ರಿಕಾಪಿನ ಪಟ್ಟಿಗಳನ್ನು ಬಿಚ್ಚಿದಳು.

ಉರುಳಿದ್ದೂ ಆಯಿತು, ಕೊಡವಿಕೊಂಡದ್ದೂ ಆಯಿತು. ತೊಡೆ ನೋವಿಗೆ ಮಗಳ ಮನೆಯ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಿದ್ದಳಂತೆ. ಆದರೆ ಕೆಳಗೆ ಏನೂ ಇಲ್ಲದ ಕಾಲು ಒತ್ತಲು ಹೋಗಿ ಗಾಳಿಯನ್ನು ಒತ್ತುತ್ತಿತ್ತು. ಹಿಮ್ಮಡಿ ಪಕ್ಕೆಗೆ ತಾಗುತ್ತಿರಲಿಲ್ಲ. ಆ ಕಾಲಿಗೆ ಮೊದಲ ಸಲ ಕೆಲಸವಿಲ್ಲದಂತಾಯಿತು. ಆಗ ಯಜಮಾನಿ ತನ್ನ ವಿದ್ಯೆ ಹೇಳಿಕೊಟ್ಟಳು. ನಿಲ್ಲಿಸಬೇಕೆಂದಾಗ ಬೆನ್ನನ್ನು ಭಾರವಾಗಿಸಿ, ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು. ಲಗಾಮನ್ನು ಆಮೇಲೆ ಹಿಡಿದರಾಯಿತು. ಸವಾರ ನಿರಾಳನಾದದ್ದು ಕುದುರೆಯ ಬೆನ್ನಿಗೆ ತಿಳಿಯುತ್ತದೆ.

ಪರೀಕ್ಷೆಯ ದಿನ ಗೆರೆ ಕಂಡಾಗ ಬ್ರೇಕಕ್ಕ ಉಸಿರು ಬಿಟ್ಟಳು. ಕುದುರೆ ಎರಡು ಹೆಜ್ಜೆ ಯೋಚಿಸಿ, ಗೆರೆಯನ್ನು ಮೂಸಿ ನಿಂತಿತು. ಇನ್ನೊಮ್ಮೆ ನಡೆಸಿದರು, ಇನ್ನೊಮ್ಮೆ ನಿಂತಿತು. ಯಜಮಾನಿ ಕಾಲಿನಿಂದ ಬೂದಿಯನ್ನು ಅಳಿಸಿ ಏನೋ ಗೊಣಗಿದಳು.

“ಏನಂತೆ?”

“ನಾಳೆ ಬೇಗ ಬರಬೇಕಂತೆ. ಬಿಸಿಲೇರಿದ್ರೆ ಬೆಟ್ಟ ಹತ್ತೋದು ಕಷ್ಟವಂತೆ.”

ಯಜಮಾನಿ ಮುಂದೆ, ಬ್ರೇಕಕ್ಕ ನಡುವೆ, ಮಗಳು ಹಿಂದೆ. ಕಿರಿದಾದ ಹಾದಿಯಲ್ಲಿ ತಿರುವು ದಾಟುತ್ತಿದ್ದಂತೆ ಕುರಿಹಿಂಡೊಂದು ಎದುರಾಯಿತು. ಮುಂದಿನ ಕುದುರೆ ಗಕ್ಕನೆ ನಿಂತಿತು. ಬ್ರೇಕಕ್ಕನ ಬಲಗಾಲು ಎಂದಿನಂತೆ ಕೆಳಗೆ ಚಾಚಿತು. ಅಲ್ಲಿ ಒತ್ತಲು ಏನೂ ಇರಲಿಲ್ಲ. ಉಸಿರು ಬಿಟ್ಟಳು. ಕುದುರೆ ನಿಂತಿತು. ಕುರಿಗಳು ಆಕೆಯ ಇಳಿಬಿದ್ದ ಪಾದಗಳನ್ನು ಸವರಿಕೊಂಡು ಒಂದೊಂದಾಗಿ ದಾಟಿಹೋದವು.

“ಚಿಕ್ಕಮ್ಮ, ಕಣ್ಣು ಮುಚ್ಕೊಂಡ್ರಾ?” ಎಂದು ಹಿಂದಿನಿಂದ ಮಗಳು ಕೂಗಿದಳು.

“ಕುರಿ ಎಣಿಸ್ತಾ ಇದೀನಿ, ಸುಮ್ನಿರೇ!”

ಮೇಲೆ ಹುಲ್ಲಿನ ಬಯಲು, ಕಲ್ಲಿನ ಗೋಡೆಯ ಶಾಲೆ. ಮಕ್ಕಳು ಮೊದಲು ಹೊರಗೆ ಓಡಿಬಂದರು. ಅವರ ಹಿಂದೆ, ಕೈಯಲ್ಲಿ ಸೀಮೆಸುಣ್ಣದ ತುಂಡು ಹಿಡಿದು ಅಕ್ಕ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬ್ರೇಕಕ್ಕ ಅವಳ ಮುಂದೆ, ಅಲ್ಲೊಂದು ಗೆರೆ ಎಳೆದಿದ್ದಂತೆ, ಕುದುರೆ ನಿಲ್ಲಿಸಿದಳು.

ಅಕ್ಕ ಕುದುರೆಯನ್ನು ನೋಡಿದಳು, ತಂಗಿಯನ್ನು ನೋಡಿದಳು, ರಿಕಾಪಿಲ್ಲದೆ ತೂಗಾಡುವ ಕಾಲುಗಳನ್ನು ನೋಡಿದಳು.

“ಬ್ರೇಕ್ ಎಲ್ಲೇ?”

“ಕೆಳಗೇ ಬಿಟ್ಟು ಬಂದೆ ಅಕ್ಕ.”

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಸೀಮೆಸುಣ್ಣವನ್ನು ಒಬ್ಬ ಹುಡುಗಿಯ ಕೈಗಿತ್ತಳು. “ಸ್ವಲ್ಪ ಮುಂದೆ ಜರುಗು” ಎಂದವಳೇ ಅಂಗಳದ ಗಿಡ್ಡ ಕಲ್ಲಿನ ಗೋಡೆ ಹತ್ತಿ ಕುದುರೆಯ ಬೆನ್ನಿಗೆ ಬಂದು, ತಂಗಿಯ ಸೊಂಟವನ್ನು ಎರಡು ಕೈಯಿಂದ ಬಳಸಿ ಹಿಡಿದಳು. ಮಕ್ಕಳು ಹೋ ಎಂದು ಕೂಗಿದರು. ಕುದುರೆ ಅಕ್ಕನ ಮನೆಯ ಕಡೆಗೆ ಹೆಜ್ಜೆ ಹಾಕಿತು.

“ನಿಧಾನ ಕಣೇ!”

“ಸುಮ್ನೆ ಕೂತ್ಕೋ ಅಕ್ಕ. ಬೇಕಾದ್ರೆ ಕಣ್ಣು ಮುಚ್ಕೋ.”