ಕಂಪನಿ ಎಂಬ ಪದ, ಮಾವನವರ ಡಬ್ಬಿ

ಒಂದೇ ಇಂಗ್ಲಿಷ್ ಪದ ಎಷ್ಟು ವೇಷ ಹಾಕುತ್ತದೆ ಎಂದು ಹನ್ನೊಂದನೇ ತರಗತಿಯ ಮಕ್ಕಳಿಗೆ ತೋರಿಸಲು ನಾನು ಪ್ರತಿವರ್ಷ ‘ಕಂಪನಿ’ಯನ್ನೇ ಆರಿಸಿಕೊಳ್ಳುತ್ತೇನೆ. ನಾಶಿಕದ ಮಕ್ಕಳಿಗೆ ಕಂಪನಿ ಎಂದರೆ ಮೊದಲು ಅಪ್ಪ ದುಡಿಯುವ ಕಾರ್ಖಾನೆ. ಅಣ್ಣ ಸೈನ್ಯದಲ್ಲಿರುವ ಹುಡುಗಿಗೆ ಅದು ಜವಾನರ ತುಕಡಿ. ಹಿಂದಿನ ಬೆಂಚಿನವರಿಗೆ, ಕ್ಲಾಸಿಗೆ ಚಕ್ಕರ್ ಹೊಡೆದು ಸಿನಿಮಾಕ್ಕೆ ಹೋಗುವಾಗ ಗೆಳೆಯ ಕೊಡುವ ಕಂಪನಿ. ನಾನು ನನ್ನ ಪಾಲಿನ ಎರಡನ್ನು ಸೇರಿಸುತ್ತೇನೆ: ಇತಿಹಾಸದ ಪುಸ್ತಕದಲ್ಲಿ ನಮ್ಮನ್ನಾಳಿದ ಕಂಪನಿ ಸರ್ಕಾರ, ಕಲಬುರಗಿಯಲ್ಲಿ ನನ್ನ ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕು ನಕ್ಕು ನೋಡುತ್ತಿದ್ದ ಕಂಪನಿ ನಾಟಕ. ಕೊನೆಗೆ ಪದದ ಬೇರು. ಲ್ಯಾಟಿನ್ನಿನಲ್ಲಿ ‘ಕೊಮ್’ ಅಂದರೆ ಜೊತೆಗೆ, ‘ಪಾನಿಸ್’ ಅಂದರೆ ರೊಟ್ಟಿ. ಜೊತೆಗೆ ಕೂತು ರೊಟ್ಟಿ ತಿನ್ನುವವರು ಕಂಪನಿ. ಪೋರ್ಚುಗೀಸರ ಹಿಂದೆ ಬಂದ ನಮ್ಮ ವಡಾಪಾವಿನ ಪಾವ್ ಕೂಡ ಅದೇ ಪಾನಿಸ್ ವಂಶದ್ದು ಎನ್ನುವಷ್ಟರಲ್ಲಿ ಇಡೀ ಕ್ಲಾಸಿಗೆ ಹೊಟ್ಟೆ ಚುರುಗುಟ್ಟುತ್ತದೆ. ಪಾಠ ಅಲ್ಲಿಗೆ ಮುಗಿಯಿತು.

ಹೋದ ವರ್ಷ ಈ ಪಾಠ ಮುಗಿಸಿ ಮನೆಗೆ ಬಂದರೆ, ಬೆಳಿಗ್ಗೆ ಮಾವನವರಿಗೆಂದು ಕಟ್ಟಿಟ್ಟು ಹೋದ ಡಬ್ಬಿ ಹಾಗೇ ಇತ್ತು. ಅದು ಹೊಸದೇನಲ್ಲ. ಅತ್ತೆ ತೀರಿಕೊಂಡ ಮೇಲೆ ಅವರನ್ನು ಸಂಭಾಜಿನಗರದಿಂದ ನಮ್ಮ ಮನೆಗೆ ಕರೆತಂದಿದ್ದೆವು. ಬೀದರ್ ಕಡೆಯಿಂದ ಹರೆಯದಲ್ಲೇ ಬಂದು ಸಂಭಾಜಿನಗರದ ಹೊರಗಿನ ವಾಳೂಜಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಬಾಗಿಲು ತುಂಬುವ ಆಳು. ಈಗ ಅಂಗಿಯೊಳಗೆ ಅವರನ್ನು ಹುಡುಕಬೇಕಾಗಿತ್ತು. ಡಾಕ್ಟರರಂತೂ ನನ್ನನ್ನೇ ಗದರಿಸಿದರು: ಊಟ ಬಿಟ್ಟು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರೆ ಎಲ್ಲಾದರೂ ತಲೆ ತಿರುಗಿ ಬೀಳುತ್ತಾರೆ, ಇನ್ನೂ ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಎಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. “ಮಾವಾರ, ಏನ್ ಕಡಿಮಿ ಆಗ್ಯದ ಹೇಳ್ರಿ. ದಿನಾ ಐದಕ್ಕೆದ್ದು ಮಾಡ್ತೀನಿ.”

“ಛಲೋ ಮಾಡ್ತಿ ಯವ್ವಾ. ನನಗೇ ಹಸಿವಿ ಆಗವಲ್ದು.”

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆಗ ಎರಡೂ ಇದ್ದವು. ಅವರು ಕೈತಪ್ಪಿ ಹೋಗುತ್ತಾರೇನೋ ಎಂದು ನನಗೆ ಭಯ. ಆ ಭಯವನ್ನೇ ಬೈಗುಳ ಮಾಡಿ ಅವರ ಮೇಲೆ ಸುರಿಯುತ್ತಿದ್ದೆ.

ಒಂದು ದಿನ ಅವರು ಹಳೆಯ ಜೊತೆಗಾರರನ್ನು ನೋಡಿ ಬರುತ್ತೇನೆ ಎಂದರು. ಗಂಡನಿಗೆ ರಜೆ ಇರಲಿಲ್ಲ, ನಾನೇ ಹೊರಟೆ. ಮನ್ಮಾಡಿನಲ್ಲಿ ರೈಲು ನಿಂತಾಗ ಒಂದು ಬಾಳೆಹಣ್ಣಾದರೂ ತಿನ್ನಿ ಎಂದರೆ ಅದೂ ಬೇಡ. ಡಾಕ್ಟರರು ಹೇಳಿದ ಪ್ರಕಾರ ಮೆತ್ತನೆ ಚಪಾತಿ, ಉಪ್ಪು ಕಂಡೂ ಕಾಣದ ಸೋರೆಕಾಯಿ ಪಲ್ಯ ಚೀಲದಲ್ಲಿತ್ತು.

ವಾಳೂಜಿನಲ್ಲಿ ಕಾರ್ಖಾನೆಯ ಗೇಟಿನ ಎದುರು ಒಂದು ಬೇವಿನ ಮರ. ಊಟದ ಬಿಡುವಿಗೆ ಅವರ ಹಳೆಯ ಗುಂಪು ಅಲ್ಲಿಗೇ ಬಂತು. ಭಾಲ್ಕಿ ಕಡೆಯವರೊಬ್ಬರು, ಇಲ್ಲಿಯವರೇ ಆದ ಇಬ್ಬರು ಮರಾಠಿಗರು, ಒಬ್ಬ ಬಿಹಾರದವನು. ಒಬ್ಬೊಬ್ಬರೂ ಮಾವನವರ ತೋಳು ಹಿಡಿದು ನೋಡಿದರು. ಪೇಪರ್ ಹಾಸಿ ಸುತ್ತಲೂ ಕೂತರು. ನಾನು ಮಾವನವರ ಮುಂದೆ ಡಬ್ಬಿ ಇಟ್ಟು ಮುಚ್ಚಳ ತೆಗೆಯಲು ಹೋದೆ.

“ತಡೀರಿ ತಂಗಿ, ತಡೀರಿ!” ಭಾಲ್ಕಿಯವರು ಕೈ ಅಡ್ಡ ಹಿಡಿದರು. “ಮೊದಲ ಸರಿಸಬೇಕು.”

ಎಲ್ಲರೂ ಮುಚ್ಚಿದ ಡಬ್ಬಿಗಳನ್ನು ತಮ್ಮ ಬಲಗಡೆಯವರ ಮುಂದೆ ಸರಿಸಿದರು. ಆಮೇಲೆಯೇ ಮುಚ್ಚಳ ತೆಗೆದದ್ದು. ತಂದ ಡಬ್ಬಿಯನ್ನು ತಂದವನು ಉಣ್ಣುವ ಹಾಗಿಲ್ಲ. ಗುತ್ತಿಗೆ ಕೂಲಿಯ ಕಾಲದಿಂದ ನಡೆದು ಬಂದ ಪದ್ಧತಿಯಂತೆ. ಆಗ ಕೆಲವರ ಡಬ್ಬಿಯಲ್ಲಿ ಬರೀ ಜೋಳದ ಭಾಕ್ರಿ, ಹಸಿಮೆಣಸಿನಕಾಯಿ ಇರುತ್ತಿತ್ತು. ಅಂಥವರು ನಾಚಿಕೊಂಡು ದೂರ ಹೋಗಿ, ಗೋಡೆ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಅದನ್ನು ನೋಡಲಾಗದೆ ಶುರುವಾದದ್ದು.

“ಅಂದ್ರ ಅತ್ತಿ ಕಟ್ಟಿದ ಬುತ್ತಿ ನೀವು ಉಂಡೇ ಇಲ್ಲೇನ್ರಿ?” ಎಂದೆ.

“ಕೆಲಸದ ದಿನ ಎಂದೂ ಇಲ್ಲ” ಎಂದರು ಮಾವ. “ಆಕಿಗೂ ಗೊತ್ತಿತ್ತು. ಯಾರ ಪಾಲಿಗಿ ಹೋಗ್ತದೋ ಅಂತ ಎಣ್ಣಿಗಾಯಿಗಿ ಒಂದ್ ಹಿಡಿ ಶೇಂಗಾ ಹೆಚ್ಚಿಗಿ ಹಾಕ್ತಿದ್ಳು. ಸಂಜಿಗಿ ಹೋದ ಕೂಡ್ಲೇ ಕೇಳ್ತಿದ್ಳು, ಇವತ್ತ ಯಾರಿಗಿ ಸೇರ್ತು ಅಂತ.”

ಮಾತಾಡುತ್ತಲೇ ಅವರು ಯಾರದೋ ಮನೆಯ ಭಾಕ್ರಿ ಮುರಿದು ಹಸಿಮೆಣಸಿನಕಾಯಿ ಕುಟ್ಟಿದ ಠೇಚಾದಲ್ಲಿ ಅದ್ದಿದ್ದರು. ಅಯ್ಯೋ ಖಾರ ಎನ್ನಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ. ಒಂದು ಭಾಕ್ರಿ ಮುಗಿಯಿತು. ಇನ್ನೊಂದನ್ನೂ ಮುರಿದರು. ನನ್ನ ಸೋರೆಕಾಯಿ ಬಿಹಾರದವನ ಪಾಲಾಗಿತ್ತು. ಪಾಪ, ಬಹಳ ಹೊತ್ತು ಅಗಿದು ಹಿಂದಿಯಲ್ಲಿ ಮೆಲ್ಲಗೆ ಕೇಳಿದ: “ಭಾಭೀಜಿ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವನವರಿಗೆ ನಕ್ಕು ನಕ್ಕು ಕೆಮ್ಮು ಬಂತು. ಅತ್ತೆ ಹೋದ ಮೇಲೆ ಆ ನಗು ನಾನು ಕೇಳಿರಲಿಲ್ಲ. ನನ್ನ ಕಣ್ಣು ತುಂಬಿತು, ಠೇಚಾದ ಘಾಟು ಎಂದು ಹೇಳಿ ಒರೆಸಿಕೊಂಡೆ.

ಸರಿ, ನಾಶಿಕದಲ್ಲಿ ಆ ಬೇವಿನ ಮರವನ್ನು ಎಲ್ಲಿಂದ ತರುವುದು? ನಮ್ಮ ಕಟ್ಟಡದ ಕೆಳಗೆ ಪಾರ್ಕಿಂಗಿನಲ್ಲಿ ಹಗಲಿನ ವಾಚ್‌ಮನ್ ಇರುತ್ತಾನೆ. ಗೇಟಿನ ಪಕ್ಕದ ಗಾಡಿಯಲ್ಲಿ ಒಬ್ಬ ಹೆಂಗಸು ಬಟ್ಟೆಗೆ ಇಸ್ತ್ರಿ ಮಾಡುತ್ತಾಳೆ. ಇಬ್ಬರೂ ಮಧ್ಯಾಹ್ನ ಒಬ್ಬೊಬ್ಬರೇ ಡಬ್ಬಿ ಬಿಚ್ಚುವುದನ್ನು ನಾನು ಮನೆಯಲ್ಲಿದ್ದ ದಿನಗಳಲ್ಲಿ ನೋಡಿದ್ದೆ. ಮುಂದಿನ ರಜೆಯ ದಿನ ಮಾವನವರನ್ನು ಕರೆದುಕೊಂಡು ಕೆಳಗಿಳಿದು, ಪದ್ಧತಿಯನ್ನೆಲ್ಲ ಆ ಇಬ್ಬರಿಗೆ ಹೇಳಿದೆ.

ವಾಚ್‌ಮನ್ ತನ್ನ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿಕೊಂಡ. “ಮೇಡಂ, ಆಮಚಾ ಡಬಾ?” ಎಂದ. ನಮ್ಮ ಡಬ್ಬಿಯನ್ನಾ, ಎಂದು. ನಮ್ಮ ಜಾತಿಯವರ ಅನ್ನ ನಿಮಗೆ ನಡೆಯುತ್ತದಾ ಎಂದೂ ಅವನು ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಮಾವನವರು ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತು, ನನ್ನ ಡಬ್ಬಿಯನ್ನು ಅವನ ಮುಂದೆ ಸರಿಸಿಯಾಗಿತ್ತು. ಅವನು ಬೆನ್ನ ಹಿಂದಿನ ಡಬ್ಬಿಯನ್ನು ಹೊರತೆಗೆದು ಇಸ್ತ್ರಿಯವಳ ಕಡೆ ಸರಿಸಿದ. ಅವಳದು ಮಾವನವರ ಮುಂದೆ ಬಂತು. ನಾನು ಮೇಲೆ ಬಂದು ಬಾಲ್ಕನಿಯಿಂದ ಕಳ್ಳಿಯ ಹಾಗೆ ಇಣುಕುತ್ತ ನಿಂತೆ.

ಸಂಜೆ ಮಾವನವರು ಅಡುಗೆಮನೆಗೆ ಬಂದರು.

“ನಾಳಿಂದ ಉಪ್ಪ ಖಾರ ನೆಟ್ಟಗ ಹಾಕವ್ವ. ವಾಚ್‌ಮನ್ ದುಡಿಯೋ ಮನಶ್ಯಾ, ಸಪ್ಪಂದು ಹ್ಯಾಂಗ ಉಣ್ತಾನ?”

“ಹೌದ್ರಿ? ಮತ್ತ ನಿಮ್ಮ ಸಕ್ಕರಿ ಕಾಯಿಲಿ?”

“ಆ ಇಸ್ತ್ರಿ ಬಾಯಿಗಿ ಹೇಳೀನಿ. ನಾಳಿಗಿ ಮೆಂತ್ಯಾ ಪಲ್ಯಾ ತರ್ತಾಳಂತ.”

“ಭೇಷ್! ನನ್ನ ಕೈ ಅಡಗಿ ಇನ್ ಮ್ಯಾಲೆ ಬ್ಯಾಡೇ ಬ್ಯಾಡ ಅನ್ರಿ.”

ಮಾವನವರು ತಟ್ಟೆ ತಾವೇ ತೆಗೆದುಕೊಂಡು, ಕಟ್ಟೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

“ನೀಡು ಯವ್ವಾ” ಎಂದರು. “ಹಸಿವಿ ಆಗ್ಯದ.”