ಗಂಗಮ್ಮತ್ತೆ ಆಡದ ಮಾತು

ಗಂಗಮ್ಮತ್ತೆ, ಕಂಪನಿಯವರ ವಿಡಿಯೋದಲ್ಲಿ ಮಾತಾಡಿದ್ದು ನೀನಲ್ಲ, ನಾನು. ಮುಖ ನಿನ್ನದು, ಕಂಬಳಿ ನಿನ್ನದು, ಹಿಂದೆ ನಿಂತಿದ್ದ ಕುರಿಗಳೂ ನಿನ್ನವೇ — ಗಂಟಲು ಮಾತ್ರ ನನ್ನದು.

ರಾಯಚರ್ಲಿನಲ್ಲಿ ನನ್ನ ಗಂಟಲಿನ ಗುಣ ಯಾರಿಗೆ ಗೊತ್ತಿಲ್ಲ? ಪಂಚಾಯ್ತಿ ಅಧ್ಯಕ್ಷರ ಕೆಮ್ಮು, ಶಿರಾ ಬಸ್ಸಿನ ಕಂಡಕ್ಟರನ ಕೂಗು, ಹೆಣ್ಣು ನೋಡಲು ಹೋಗಿ ತೊದಲಿದ ನನ್ನದೇ ಮಾತು — ಎಲ್ಲವನ್ನೂ ಮಾಡಿ ತೋರಿಸಿ ನಗಿಸಿದವನು. ನಿನ್ನ ದನಿಯಲ್ಲಿ ಕರೆದರೆ ನಿನ್ನ ಕುರಿಗಳೇ ಮೋಸಹೋಗಿ ನನ್ನ ಹಿಂದೆ ಬರುತ್ತಿದ್ದವು. "ಲೇ ಸೀನ, ನಾನು ಸತ್ರೆ ಇವುನ್ನ ಕಾಯಕ್ಕೆ ನೀನೊಬ್ಬ ಸಾಕು ಬುಡ್ಲಾ" ಎಂದು ನೀನೂ ನಗುತ್ತಿದ್ದೆ.

ಬೆಂಗಳೂರಿನ ಆ ಕಂಪನಿಯ ಕಂಪ್ಯೂಟರುಗಳಿಗೆ ವರ್ಷ ವರ್ಷಕ್ಕೂ ಹೆಚ್ಚು ಕರೆಂಟು ಬೇಕಂತೆ. ಅದಕ್ಕೆ ನಮ್ಮ ಬಿಸಿಲು. ಸೋಲಾರ್ ಹಲಗೆಗಳ ಸುತ್ತ ಬೇಲಿ ಬಿತ್ತು, ನಿನ್ನ ಕುರಿಗಳು ನೀರು ಕುಡಿಯುತ್ತಿದ್ದ ಕುಂಟೆಯೂ ಬೇಲಿಯೊಳಗೆ ಸೇರಿಹೋಯಿತು. ಹೊಲ ಇದ್ದವರಿಗೆ ಗುತ್ತಿಗೆ ಹಣ ಬಂತು. ಕುರಿ ಇದ್ದ ನಿನಗೆ — ಹೊಲಿಗೆ ಮಿಷನ್. ಸಾಮಾಜಿಕ ಹೊಣೆಗಾರಿಕೆ ಎಂದರು. ಬೋರ್ಡನ್ನೂ ನೆಟ್ಟರು.

ಮಿಷನ್ ಕೊಟ್ಟ ದಿನ ಕ್ಯಾಮೆರಾದ ಮುಂದೆ ನೀನು ಆಡಿದ್ದು ನನಗೆ ಇನ್ನೂ ಬಾಯಿಪಾಠ. "ಮಿಷನ್ ಇಟ್ಕಂಡು ಕುರಿಗೆ ಅಂಗಿ ಹೊಲೀಲಾ ಸಾಮಿ? ಕುಂಟೆಗೆ ಒಂದು ದಾರಿ ಬುಡಿ, ಅಷ್ಟೇ ಸಾಕು."

ಕಂಪನಿಯ ಅಧಿಕಾರಿಗೆ ಆ ಮಾತು ಬೇಡವಾಗಿತ್ತು. "ಗಾಳಿ ಸದ್ದು ಜಾಸ್ತಿ ಬಂದಿದೆ. ನೀವು ಇವರ ಥರಾನೇ ಮಾತಾಡ್ತೀರಂತಲ್ಲ?" ಎಂದು ನನ್ನನ್ನು ಕೇಳಿದರು, ಮೂಗಿನಲ್ಲಿ — ಅವರ ಮೂಗನ್ನೂ ನಾನು ಆಗಲೇ ಕಲಿತಾಗಿತ್ತು. ಏನು ಹೇಳಬೇಕೆಂದು ಅವರೇ ಹೇಳಿಕೊಟ್ಟರು. ಕಾರಿನ ಗಾಜು ಏರಿಸಿಕೊಂಡು ನಿನ್ನ ದನಿ ತೆಗೆದೆ: "ಕುರಿ ಹಿಂದೆ ಅಲ್ದು ಅಲ್ದು ಸಾಕಾಗಿತ್ತು ಸಾಮಿ. ಈಗ ಮಿಷನ್ ಕೊಟ್ಟವ್ರೆ. ನೆಳ್ಳಾಗೆ ಕುಂತು ದುಡೀತೀನಿ." ಕ್ಯಾಮೆರಾದವನು ಬಿದ್ದು ಬಿದ್ದು ನಕ್ಕ. ಯಾರೂ ನನ್ನನ್ನು ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಒಬ್ಬ ನಕ್ಕ — ನನಗೆ ಅಷ್ಟೇ ಸಾಕಾಯಿತು.

ಆಮೇಲೆ ಶಾಲೆಯ ಅಂಗಳದಲ್ಲಿ ಸಭೆ. ನೀನು ಎದ್ದು ಮತ್ತೆ ಕುಂಟೆಗೆ ದಾರಿ ಕೇಳಿದೆ. ಅಧಿಕಾರಿ ವಿಡಿಯೋ ಹಾಕಿ ಮೊಬೈಲನ್ನು ಮೈಕಿಗೆ ಹಿಡಿದರು. "ಅಮ್ಮಾ, ನೀವೇ ಹೇಳಿದೀರಲ್ಲ!"

"ನಾನು ಅಂಗಂದಿಲ್ಲ," ಎಂದೆ ನೀನು. ಗಡಿಯಾಚೆಯ ತೆಲುಗು ಸೀಮೆಯಿಂದ ಬಂದಿದ್ದ ನಿನ್ನ ಅಳಿಯನೇ, "ನಿನ್ ದನಿನೇ ಕದಾ ಅತ್ತಮ್ಮ," ಎಂದುಬಿಟ್ಟ. ಜನ ನಕ್ಕರು. ಯಾರಿಗೂ ಅನುಮಾನ ಬರಲಿಲ್ಲ ಎಂದಲ್ಲ — ಒಂದಿಬ್ಬರು ನನ್ನ ಮುಖ ನೋಡಿದರು. ಅವರ ಹೊಲ ಗುತ್ತಿಗೆಯಲ್ಲಿತ್ತು, ಸುಮ್ಮನಾದರು. ಆಗ ನೀನು ನನ್ನ ಕಡೆ ತಿರುಗಿದೆ.

"ಸೀನ, ಅವತ್ತು ನೀನೂ ಇದ್ದಲ್ಲಾ. ನೀನೇ ಹೇಳು, ನಾನು ಅಂಗಂದ್ನೇನ್ಲಾ?"

"ಹೂಂ, ನೀನೇ ಅಂದಿದ್ದು ಕಣತ್ತೆ."

ಅದೊಂದನ್ನು ನನ್ನ ಸ್ವಂತ ದನಿಯಲ್ಲೇ ಹೇಳಿದೆ.

ದಾರಿ ಸಿಗಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಕುರಿಗಳು ಶಿರಾ ಸಂತೆಗೆ ಹೊರಟವು. ಟೆಂಪೋ ಹತ್ತಲು ಒಪ್ಪದೆ ಮೊಂಡುಬಿದ್ದವು. ನೀನು ಅವನ್ನು ಕರೆಯಲಿಲ್ಲ. "ನೀನೇ ಕರೀಲಾ" ಎಂದು ಕೈಸನ್ನೆ ಮಾಡಿದೆ. ನಾನು ಕರೆದೆ. ನಿನ್ನ ದನಿ ನಂಬಿ ಒಂದೊಂದಾಗಿ ಹತ್ತಿದವು —

ಈಗ ಆ ಮಿಷನ್ ಮೇಲೆ ರಾಗಿ ಮೂಟೆ ಕೂತಿದೆ. ಯಾರಾದರೂ ಕೆಣಕಿದರೆ ನೀನು ಹೇಳುವುದನ್ನು ಮೊನ್ನೆ ಅಂಗಡಿಯ ಹತ್ತಿರ ನಿಂತು ಕೇಳಿಸಿಕೊಂಡೆ: "ವಯಸ್ಸಾಯ್ತು ಕಣಮ್ಮ. ಬಾಯಿ ತಪ್ಪಿ ನಾನೇ ಅಂದಿರ್ತೀನಿ ಬುಡು." ಕುರಿ ಕಳೆದದ್ದು ಒಂದು. ನಿನ್ನ ನೆನಪಿನ ಮೇಲೇ ನಿನಗೆ ನಂಬಿಕೆ ಹೋಗುವಂತೆ ಮಾಡಿದೆನಲ್ಲ, ಅದು —

ಬರುವ ಸೋಮವಾರ ಕಂಪನಿಯವರು ಶಾಲೆಗೆ ಬ್ಯಾಗು ಹಂಚಲು ಬರುತ್ತಾರೆ. ನಡುವೆ ನನ್ನ ಮಿಮಿಕ್ರಿ ಇದೆ, ಮೈಕು ಕೊಡುತ್ತಾರೆ. ನೀನು ಬಾ. ವಿಡಿಯೋದ ಆ ಮಾತನ್ನು ಎಲ್ಲರೆದುರು ಇನ್ನೊಮ್ಮೆ ಆಡಿ ತೋರಿಸುತ್ತೇನೆ. ಆಮೇಲೆ ನನ್ನ ದನಿಯಲ್ಲಿ, ಅದನ್ನು ಆಡಿದವನು ನಾನೇ ಎನ್ನುತ್ತೇನೆ. ಕುರಿಗಳು ವಾಪಸ್ಸು ಬರುವುದಿಲ್ಲ. ನೀನು ನನ್ನ ಮುಖ ನೋಡದಿದ್ದರೂ ಸರಿಯೇ.

ನಿನ್ನ ಬಾಯಿ ತಪ್ಪಿರಲಿಲ್ಲ ಅತ್ತೆ. ನೀನು ಕೇಳಿದ್ದು ದಾರಿ.