ಚೀಟಿ ಇಲ್ಲದ ಚೆಕ್ಕೆ

ಆ ಬೆಳಿಗ್ಗೆಯೂ ನಮ್ಮವರು ಕಟ್ಟಿಗೆಯ ಚೆಕ್ಕೆಯೊಂದನ್ನು ನೀರಲ್ಲಿ ಅದ್ದಿ ನನ್ನ ಮೂಗಿನ ಹತ್ತಿರ ಹಿಡಿದರು. ನಾನು ರೊಟ್ಟಿ ಬಡಿಯುತ್ತಿದ್ದೆ.

“ಕಣ್ಣ ಮುಚ್ಚು. ಯಾವ ಮರ ಹೇಳು.”

“ಕೈಯಾಗ ಹಿಟ್ಟೈತಿ, ಹಂಚು ಕಾದೈತಿ. ಸಂಜೀಕ ಹೇಳ್ತೇನಿ, ಸರೀರಿ ಆ ಕಡೆ.”

“ಸೋತೆ ಅನ್ನು, ಬಿಡ್ತೇನಿ.”

“ಸೋತಿಲ್ರಿ. ಸಂಜೀಕ.”

ನಗುತ್ತ ಚೆಕ್ಕೆಯನ್ನು ಕಿಟಕಿಯಲ್ಲಿಟ್ಟು, ಊಟದ ಡಬ್ಬಿ ಹಿಡಿದು ದಾಂಡೇಲಿಯ ನಾಟಾ ಡಿಪೋಕ್ಕೆ ಹೊರಟರು. ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಒರಗಿದರಂತೆ. ಮನೆಗೆ ಬಂದ ಡಬ್ಬಿಯಲ್ಲಿ ಒಂದೂವರೆ ರೊಟ್ಟಿ ಹಾಗೇ ಇತ್ತು.

ಡಿಪೋದಲ್ಲಿ ದಿಮ್ಮಿಗಳ ಜಾತಿ ಹೇಳುವುದು ಅವರ ಕೆಲಸ. ಮೂಸುತ್ತಿದ್ದರು, ಉಗುರಿನಿಂದ ಕೆರೆಯುತ್ತಿದ್ದರು, ಒಮ್ಮೊಮ್ಮೆ ನಾಲಿಗೆಗೂ ಹಚ್ಚುತ್ತಿದ್ದರು. ಮದುವೆಯಾದ ವಾರದಲ್ಲೇ ಜೇಬಿನಿಂದ ಚೆಕ್ಕೆ ತೆಗೆದು ನನ್ನೊಡನೆ ಈ ಆಟ ಹೂಡಿದ್ದರು. ನಾನು ಹತ್ತನೆಯ ತರಗತಿಯವರೆಗೆ ಓದಿದವಳು, ಸಾಂಬ್ರಾಣಿ ಎಂಬ ನಮ್ಮೂರಿನ ಹೊಲ ಬಿಟ್ಟು ಬೇರೇನೂ ಕಂಡವಳಲ್ಲ. ಸಾಗವಾನಿಯ ಎಣ್ಣೆವಾಸನೆ ಅವರಿಂದ ಕಲಿತೆ. ಹೊನ್ನೆಯ ಚೆಕ್ಕೆ ನೆನೆಹಾಕಿದ ನೀರು ಬಿಸಿಲಲ್ಲಿ ನೀಲಿಯಾಗಿ ಹೊಳೆಯುವುದನ್ನು ಅವರೇ ತೋರಿಸಿದರು. ತಪ್ಪು ಹೇಳಿದರೆ, “ಮೂಗು ಮೂಗುತಿಗಷ್ಟ ಐತೇನು?” ಎನ್ನುತ್ತಿದ್ದರು. ಸರಿ ಹೇಳಿದ ದಿನ ತಾವೇ ಚಹಾ ಮಾಡಿ ಕೊಡುತ್ತಿದ್ದರು.

ಅವರು ಹೋಗುವುದಕ್ಕೆ ಎರಡು ವರ್ಷ ಮೊದಲು ಧಾರವಾಡ ಕಡೆಯ ಸುನೀತಾ ಎಂಬ ಹುಡುಗಿ ಸಂಶೋಧನೆಗೆಂದು ನಮ್ಮ ಮನೆ ಹುಡುಕಿಕೊಂಡು ಬಂದಳು. “ಕಾಕಾ, ಕಳ್ಳನಾಟಾ ಹಲಗಿ ಕೊಯ್ದು ಬಣ್ಣ ಹಚ್ಚಿದ್ರ ನಿಮ್ಮ ಮೂಗು ಏನ್ ಮಾಡೀತ್ರಿ?” ಎಂದು ಕೆಣಕಿದಳು. ಅವಲಕ್ಕಿ ಕೊಡುತ್ತ ನಾನು ತಿಳಿದುಕೊಂಡದ್ದು ಇಷ್ಟು: ಮರದ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಸಣ್ಣ ಕಣಗಳಿರುತ್ತವೆ. ಅವುಗಳೊಳಗೆ ಡಿಎನ್‌ಎ ಎಂಬ ಅವುಗಳದೇ ಒಂದು ಬರಹವಿರುತ್ತದೆ, ಹೆಚ್ಚಿನ ಮರಗಳಲ್ಲಿ ಅದು ತಾಯಿಮರದಿಂದ ಬಂದದ್ದು. ಅದರ ಪ್ರತಿಗಳು ಬಹಳ ಇರುವುದರಿಂದ ಒಣಗಿದ ಕಟ್ಟಿಗೆಯಲ್ಲೂ ಒಂದಿಷ್ಟು ಉಳಿದಿರುತ್ತದೆ. ಅದನ್ನು ಓದಿ, ಜಾತಿಯಿಂದ ಜಾತಿಗೆ ಎಲ್ಲಿ ಬದಲಾಗುತ್ತದೆಂದು ಗೊತ್ತು ಮಾಡಿಕೊಂಡರೆ ಹಲಗೆಯ ಗುರುತು ಸಿಗುತ್ತದೆ.

“ಅಂದ್ರ ಸತ್ತ ಕಟಗೀನೂ ತಾಯಿ ಹೆಸರು ಹೇಳ್ತೈತಿ ಅನ್ನವಾ,” ಎಂದರು ಇವರು.

ಹೋಲಿಸಿ ನೋಡಲು ಹೆಸರು ಖಚಿತವಿದ್ದ ಮರಗಳು ಬೇಕಿದ್ದವು. ಇವರು ರವಿವಾರ ಜೋಯಿಡಾ, ಮುಂಡಗೋಡ ಎಂದು ಅವಳೊಡನೆ ತಿರುಗಿ ಎಲೆ, ಚೆಕ್ಕೆ ಕೂಡಿಸಿದರು. ಒಮ್ಮೆ ಅವಳು ಫೋನ್ ಮಾಡಿ, ಮತ್ತಿ ಮರದ್ದೆಂದು ಕೊಟ್ಟ ಚೆಕ್ಕೆಗಳಲ್ಲಿ ಒಂದು ಕಿಂದಳ ಮರದ್ದು ಎಂದಳು. ಆ ದಿನ ಇವರು ಸರಿಯಾಗಿ ಉಣ್ಣಲಿಲ್ಲ. ಮುಂದಿನ ರವಿವಾರ ಉಳವಿ ದಾರಿಯ ಆ ಮರಗಳ ತನಕ ಹೋಗಿ ಬಂದರು.

“ಹುಡುಗಿ ಖರೇನ ಹೇಳ್ಯಾಳ. ಎರಡೂ ಮರದ ಚೆಕ್ಕಿ ಒಂದ ಚೀಲದಾಗ ಹಾಕಿದ್ದೆ ನಾ.”

ಅಂದಿನಿಂದ ಪ್ರತಿ ಚೆಕ್ಕೆಗೂ ಚೀಟಿ ಕಟ್ಟಿದರು. ಹೆಸರಿಗಿಂತ ಮೊದಲು ಮರ ನಿಂತ ಜಾಗ ಬರೆಯುತ್ತಿದ್ದರು. ನನ್ನ ಆಟದ ಚೆಕ್ಕೆಗಳಿಗೆ ಮಾತ್ರ ಚೀಟಿ ಇರಲಿಲ್ಲ. ಕೇಳಿದರೆ, “ನಿನಗ ಹೇಳಾಕ ನಾನ ಇದ್ದೇನಲ್ಲ,” ಎನ್ನುತ್ತಿದ್ದರು.

ಅವರ ಮಣ್ಣಾದ ಮೇಲೆ ಸುನೀತಾ ಮಾತಾಡಿಸಲು ಬಂದಳು. ಕಿಟಕಿಯ ಚೆಕ್ಕೆಯಲ್ಲಿ ಅರ್ಧ ಸೀಳಿ ಅವಳ ಕೈಗೆ ಕೊಟ್ಟೆ. “ಇದ್ಯಾವ ಮರ ನೋಡಿ ಹೇಳವಾ. ಸಂಜೀಕ ಹೇಳ್ತೇನಿ ಅಂದಿದ್ದೆ ಅವರಿಗೆ.”

ಕೆಲವು ತಿಂಗಳಾದ ಮೇಲೆ ಫೋನ್ ಬಂತು. “ಕಾಕೂ, ಓದಾಕ ಬಂತ್ರಿ. ಆದ್ರ ನಮ್ಮ ಪಟ್ಟ್ಯಾಗಿನ ಯಾವ ಮರಕ್ಕೂ ಹೊಂದವಲ್ದು. ಕಾಕಾ ಎಲ್ಲಿಂದ ತಂದಿದ್ರು, ಏನರ ಅಂದಿದ್ರೇನ್ರಿ?”

ಅಂದಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಉಳಿದರ್ಧ ಕಿಟಕಿಯಲ್ಲೇ ಇದೆ. ಕೆಲವು ಸಂಜೆ ಅದನ್ನು ನೀರಲ್ಲಿ ಅದ್ದಿ, ಕಣ್ಣು ಮುಚ್ಚಿ ಮೂಸಿ, ಒಂದು ಹೆಸರು ಹೇಳುತ್ತೇನೆ. ಸರಿಯೋ ತಪ್ಪೋ ಎಂದು ಹೇಳುವವರು ಇಲ್ಲ.